ಅಪ್ಪನ ನಕ್ಷೆಯಲ್ಲಿ ನೀರಿಲ್ಲ

ಫೆಬ್ರವರಿ. ಪೊಂತೋನ್ ಘಾಟಿ ಹಿಮಕ್ಕೆ ಮುಚ್ಚಿದೆಯೆಂದು
ರೇಡಿಯೊ ಹೇಳಿ ಮುಗಿಸುವ ಮೊದಲೇ
ಓಲ್ವಿದೊ ತಟ್ಟೆಗಳನ್ನು ಸರಿಸಿ
ಮೇಜಿನ ಮೇಲೆ ನನ್ನ ನಕ್ಷೆ ಹಾಸಿದಳು.
ಒಂದು ಮೂಲೆಗೆ ಸೇಬಿನ ಮದ್ಯದ ಸೀಸೆ,
ಇನ್ನೊಂದಕ್ಕೆ ನನ್ನ ಹನ್ನೆರಡನೇ ನಂಬರಿನ ಸ್ಪ್ಯಾನರು,
ಮತ್ತೊಂದಕ್ಕೆ ಗುಹೆಯಲ್ಲಿ ಮಾಗಿದ ಚೀಸು,
ಅದರ ನಾತಕ್ಕೆ ಬೆಟ್ಟಗಳೇ ಮೂಗು ಮುಚ್ಚಿಕೊಳ್ಳಬೇಕು.
ನಾಲ್ಕನೆಯ ಮೂಲೆ ಹಾರುತ್ತಲೇ ಇತ್ತು.

ನಾನು ಮೆಕ್ಯಾನಿಕ್ಕು. ಬೆಟ್ಟವೆಂದರೆ ನನಗೆ
ಕ್ಲಚ್ಚಿನ ತಂತಿ, ಇಳಿಜಾರಿನಲ್ಲಿ ಸುಡುವ ಬ್ರೇಕು,
ಹದಿನಾಲ್ಕು ಲೀಟರಿಗೆ ಎಷ್ಟು ಏರು ಎಂಬ ಲೆಕ್ಕ.
‘ಜೂನ್, ಎರಡನೆಯ ವಾರ’ ಎಂದು ಪೆನ್ಸಿಲಿನಲ್ಲಿ ಬರೆದೆ.
ಹಿಮ ಕರಗಿರುತ್ತದೆ, ಜರ್ಮನರು ಇನ್ನೂ ಬಂದಿರುವುದಿಲ್ಲ,
ರಾತ್ರಿ ಹತ್ತಕ್ಕೂ ಕಣ್ಣಿಗೆ ಬೆಳಕು.
ಕಾಂಗಾಸಿನಿಂದ ಏಳಕ್ಕೆ ಹೊರಟು
ಸೇಯಾ ಹೊಳೆಗೆ ಎದುರಾಗಿ ಬೆಯೋಸ್ ಕೊರಕಲು.
ಅಲ್ಲಿ ಆಕಾಶ ಲಂಗೋಟಿಯಷ್ಟೇ ಅಗಲ.
ತಿರುವಿಗೊಂದು ಹಸು, ಹಸುವಿಗೊಂದು ಗಂಟೆ;
ಗಂಟೆ ಕೇಳಿಸಿತೆಂದರೆ ಬ್ರೇಕು ತಡವಾಯಿತೆಂದೇ ಅರ್ಥ.
ಪೊಂತೋನ್ ಹತ್ತಿ ಇಳಿದು
ಜಲಾಶಯದ ಉದ್ದನೆಯ ಸೇತುವೆ ದಾಟಿ ಕಾಫಿ,
ಆಮೇಲೆ ಸಾನ್ ಗ್ಲೋರಿಯೋ, ಪೋತೆಸಿನಲ್ಲಿ ಕಡಲೆಯ ಬಿಸಿ ಸಾರು,
ಅಲ್ಲೇ ಮಂಚ.

ಅವಳ ಬೆರಳು ನನ್ನ ಬೆರಳಿನ ಹಿಂದೆ ಹಿಂದೆ ಬಂತು.
ನೀಲಿ ಬಣ್ಣ ಶುರುವಾಗುವಲ್ಲಿ
ಹೊಸ್ತಿಲಲ್ಲಿ ತಡೆದ ಕಾಲಿನ ಹಾಗೆ
ನಿಂತುಬಿಟ್ಟಿತು.

ಎದ್ದು ಹೋಗಿ ಒಳಗಿಂದ ಇನ್ನೊಂದು ತಂದಳು.
ಮಡಿಕೆಗಳಿಗೆಲ್ಲ ಬಟ್ಟೆಯ ಪಟ್ಟಿ ಅಂಟಿಸಿದ ನಕ್ಷೆ,
ಅಂಚಿನಲ್ಲಿ ಎಪ್ಪತ್ತೊಂದರ ಇಸವಿ, ಎಣ್ಣೆಯ ಹೆಬ್ಬೆಟ್ಟು.
ಅವಳಪ್ಪ ಒನೊರಿನೊ ಆ ಕಣಿವೆಗೆ
ಮೋಟಾರ್ ಸೈಕಲ್ಲಿನಲ್ಲಿ ಕಾಗದ ಹಂಚುತ್ತಿದ್ದವನು.
(ಅದೇ ಸಾಂಗ್ಲಾಸು. ಆರು ವಾರದಿಂದ ನನ್ನ ಅಂಗಡಿಯಲ್ಲಿ
ಹೊಟ್ಟೆ ಬಿಚ್ಚಿಕೊಂಡು ಮಲಗಿದೆ.)
ಮನೆ ಮನೆಗೂ ಸೀಸದ ಕಡ್ಡಿಯಲ್ಲಿ ಒಂದೊಂದು ಗೀಟು.
ಎರಡು ಗೀಟಿದ್ದರೆ ನಾಯಿ ಇದೆ.
ಒಂದು ಮನೆಗೆ ಮಾತ್ರ ಮೂರು.
ಅದು ಯಾಕೆಂದು ಅಮ್ಮ ಕೇಳಿದ್ದಳಂತೆ,
ಅಪ್ಪ ಹೇಳಲಿಲ್ಲವಂತೆ.

ಆ ನಕ್ಷೆಯಲ್ಲಿ ನೀಲಿಯೇ ಇಲ್ಲ.
ಕೂದಲೆಳೆಯಂಥ ಹೊಳೆ, ಅದರ ಪಕ್ಕ ರಸ್ತೆ,
ರಸ್ತೆ ಯಾರಿಗೂ ಹೆದರದೆ ನೇರ ಹೋಗುತ್ತದೆ
ಊರೊಳಗಿಂದ, ಇಗರ್ಜಿಯ ಮುಂದಿನಿಂದ.

‘ಸೆಪ್ಟೆಂಬರ್ ಕೊನೆಗೆ ನೀರು ಇಳಿಯುತ್ತದೆ.
ಹಳೇ ರಸ್ತೆ ಮೇಲೆ ಬರುತ್ತದೆ, ಡಾಂಬರಿನ ಸಮೇತ.
ಅದರ ಮೇಲೆ ಹೋಗುತ್ತೇನೆ.’
ಎಲ್ಲಿಯವರೆಗೆ?
‘ಇರುವವರೆಗೆ.’
ಆಮೇಲೆ?
‘ಎಂಜಿನ್ ಆರಿಸುತ್ತೇನೆ.’
ಕೆಸರಲ್ಲಿ ಹೂತರೆ ತಳ್ಳುವವರು ಯಾರು,
ಇನ್ನೂರು ಕಿಲೋ ಕಬ್ಬಿಣ ಅದು!
‘ನಿನ್ನನ್ನು ಮತ್ತೆ ಯಾಕೆ ಕರೆದುಕೊಂಡು ಹೋಗುವುದು?’

ಓಲ್ವಿದೊ ಎಂದರೆ ನಮ್ಮ ಮಾತಿನಲ್ಲಿ ಮರೆವು.
ಹೆಸರಿಟ್ಟವರಿಗೆ ಏನು ಹೇಳೋಣ.
ಅರವತ್ತೊಂದಕ್ಕೆ ಲೈಸೆನ್ಸು ತೆಗೆದವಳು,
ಮೂರನೆಯ ಸಲಕ್ಕೆ ಪಾಸಾದವಳು.
ವ್ಯಾಯಾಮಕ್ಕೆಂದು ನಾನು ತಿಳಿದಿದ್ದೆ.

ಜೂನನ್ನು ಅಳಿಸಿದೆ. ರಬ್ಬರಿಗೆ ಕಾಗದವೂ ಸ್ವಲ್ಪ ಬಂತು.
ಪಟ್ಟಿಗೆ ಸೇರಿಸಿದೆ: ಹಗ್ಗ, ಹಲಗೆ ಎರಡು,
ಮೊಣಕಾಲುದ್ದದ ರಬ್ಬರ್ ಬೂಟು, ಇನ್ನೊಂದು ಸ್ಪಾರ್ಕ್ ಪ್ಲಗ್ಗು.
ಸೇತುವೆಯ ಕಾಫಿ ಹೊಡೆದುಹಾಕಿದೆ.
ಹಳೆಯ ದಾರಿಯ ಲೆಕ್ಕ ಹಾಕಿದರೆ
ಒಂಬತ್ತು ಕಿಲೋಮೀಟರು ಕಡಿಮೆ.
‘ಆ ಒಂಬತ್ತಕ್ಕೂ ಪೆಟ್ರೋಲು ಹಾಕಿಸು’ ಅಂದಳು.

ಬೈಕು ಹತ್ತುವವರು ಮಳೆ ಬೇಡವೆನ್ನುವುದು ಹೊಸದಲ್ಲ,
ಒಂದು ದಿನ, ಎರಡು ದಿನ.
ಈಗ ಇಡೀ ಬೇಸಿಗೆ ಬೇಡಿಕೊಳ್ಳಬೇಕು,
ಮೋಡ ಕಂಡರೆ ಮುಖ ತಿರುಗಿಸಬೇಕು.
ನನ್ನ ತಮ್ಮನಿಗೆ ಆ ಕಡೆಯೇ ಇಪ್ಪತ್ತಾರು ಹಸುಗಳಿವೆ,
ಹುಲ್ಲು ಬೇಕು.
ಅವನಿಗೆ ಹೇಳುವಂತಿಲ್ಲ.

ಹೊರಗೆ ಆಗಲೇ ಹನಿ ಬೀಳುತ್ತಿತ್ತು.
ಇಬ್ಬರೂ ಕಿಟಕಿಯ ಕಡೆ ನೋಡಲಿಲ್ಲ.