ಖಾಲಿ ಮನೆ

ಮೂರು ವರ್ಷ ಇಸ್ಪೀಟು ಹಂಚಿದ ಕೈ ಇದು,
ಮಾಂಡವಿಯ ಮೇಲೆ, ಗಡಿಯಾರವಿಲ್ಲದ ಹಡಗಿನಲ್ಲಿ.
ಈಗ ಅದೇ ಕೈ ಪ್ರಶ್ನಾವಳಿ ಹಂಚುತ್ತದೆ
ಪಣಜಿಯ ಜೆಟ್ಟಿಯಲ್ಲಿ, ಸಂಜೆ ಆರರಿಂದ.
ಹೆಬ್ಬೆರಳಿನ ಚಟ ಹೋಗಿಲ್ಲ:
ಹಾಳೆಯನ್ನೂ ಸರಕ್ಕನೆ ಜಾರಿಸುತ್ತೇನೆ, ಮುಖ ಕೆಳಗೆ.

'ಕಳೆದ ಹನ್ನೆರಡು ತಿಂಗಳಲ್ಲಿ
ಕಳೆದುಕೊಂಡದ್ದನ್ನು ಗೆದ್ದುಕೊಳ್ಳಲು ಮತ್ತೆ ಬಂದಿದ್ದೀರಾ?'
ಎಂದೂ ಇಲ್ಲ. ಕೆಲವೊಮ್ಮೆ. ಬಹಳ ಸಲ. ಯಾವಾಗಲೂ.
ಹುಬ್ಬಳ್ಳಿ ಬಸ್ಸಿಳಿದವರು ಕನ್ನಡ ಕೇಳಿ ನಗುತ್ತಾರೆ:
'ತಡೀರಿ ಅಕ್ಕಾರ, ಗೆದ್ದ ಮ್ಯಾಲೆ ಬರಕೊಡ್ತೀವಿ.'
ಗೆದ್ದವರು ಇನ್ನೂ ಬಂದಿಲ್ಲ.

ಆಲ್ಟಿನೊ ಗುಡ್ಡದ ಕಚೇರಿಯಲ್ಲಿ ಒಂದು ಮೇಜು, ನಾಲ್ಕು ಕಡೆ:
ವಿಶ್ವವಿದ್ಯಾಲಯದ ಬಾರೆಟೊ ಮೇಡಂ, ಇಲಾಖೆಯ ಅಧೀನ ಕಾರ್ಯದರ್ಶಿ,
ಮಾಪುಸಾದಲ್ಲಿ ಚಟ ಬಿಡಿಸುವ ದಿಗಂಬರ ಸಾವರ್ಡೇಕರ,
ಎದುರಿಗೆ ಕಂಪನಿಯವರು. ಗೋಡಂಬಿ ತಟ್ಟೆ ಅವರೇ ತಂದದ್ದು.
ಒಪ್ಪಂದಕ್ಕೆ ನಾಲ್ವರ ರುಜು.
ನಾನು ಗೋಡೆ ಪಕ್ಕ, ಸ್ಟೂಲಿನ ಮೇಲೆ,
ಎಲೆ ಕಲೆಸುವವರು ಯಾರೆಂದು ನೋಡುತ್ತ.

ಕಂಪನಿ ಕೊಟ್ಟ ಕಡತದಲ್ಲಿ ಹೆಸರಿಲ್ಲ.
ಹೆಸರು ಉಜ್ಜಿ, ಸಂಖ್ಯೆ ಬರೆದು,
ಚೌಕಾಬಾರದ ಹಾಗೆ ಮನೆ ಮನೆ ಮಾಡಿ ಕಳಿಸಿದ್ದಾರೆ:
ಬಂದ ಹೊತ್ತು, ಎದ್ದ ಹೊತ್ತು, ನಿಮಿಷ ನಿಮಿಷದ ಪಣ.
ನಾಲ್ಕು ಸಾವಿರದ ನಾನ್ನೂರ ಹದಿನೇಳನೆಯ ಸಾಲಿನಲ್ಲಿ
ರಾತ್ರಿ ಒಂಬತ್ತಕ್ಕೆ, ದಿನಾ, ನಾಲ್ಕು ಮನೆ ಖಾಲಿ.
ಯಂತ್ರ ತಪ್ಪಿರಬೇಕು, ಅಂದ ಲೆಕ್ಕದ ಹುಡುಗ.

ಯಂತ್ರವಲ್ಲ. ಆ ಖಾಲಿ ನನಗೆ ಗೊತ್ತು.
ನನ್ನ ಮೇಜಿನ ಎಡತುದಿ, ಬೆಳ್ಳಿ ಕಡಗ, ಗೋಕಾಕದ ಮಾತು.
ಒಂಬತ್ತಾದರೆ ಆಟ ಬಿಟ್ಟು ಹಡಗಿನ ಹಿಂಬದಿಗೆ ಹೋಗಿ
ಫೋನಿನಲ್ಲಿ ಮಗಳ ಬಾಯಿಂದ ಮಗ್ಗಿ ಹೇಳಿಸುತ್ತಿದ್ದ.
'ಹದಿಮೂರರದ್ದು ಬರಂಗಿಲ್ರಿ ಅಕಿಗೆ' ಎನ್ನುತ್ತಿದ್ದ,
ಮರಳಿ ಬಂದು ಚಿಪ್ಸು ಜೋಡಿಸುತ್ತ.

ಮಾರ್ಚ್ ಹನ್ನೊಂದರಿಂದ ಆ ಮನೆಗಳು ತುಂಬಿವೆ.
ಪಣ, ಪಣ, ಪಣ, ಪಣ.
ಏಪ್ರಿಲ್ ಆರಕ್ಕೆ ಸಾಲೇ ಮುಗಿದಿದೆ.

ಸ್ಟೂಲಿನಿಂದಲೇ ಹೇಳಿದೆ: ಗಂಟೆಗೊಮ್ಮೆ ನಾಲ್ಕು ನಿಮಿಷ
ಎಲ್ಲ ಮೇಜೂ ನಿಲ್ಲಲಿ. ಗೋಡೆಗೊಂದು ಗಡಿಯಾರ ಬರಲಿ.
ಕಂಪನಿಯವರು ಕೇಳಿದರು, ವಿನಯದಿಂದಲೇ:
ಒಬ್ಬನ ಲೆಕ್ಕ ಒಂದು ಲೆಕ್ಕವೇ?
ಬಾರೆಟೊ ಮೇಡಂ ಕನ್ನಡಕ ತೆಗೆದಿಟ್ಟು ನನ್ನತ್ತ ತಿರುಗಿ
ಇಂಥವು ಇನ್ನೂರು ಹುಡುಕಿ ಕೊಡು ಎಂದರು.
ನೂರ ಅರವತ್ತಮೂರು ಸಿಕ್ಕವು.
ಕರಡು ನಿಯಮದಲ್ಲಿ 'ನಿಲ್ಲಿಸತಕ್ಕದ್ದು' ಎಂದಿದ್ದದ್ದು
ಎರಡನೇ ಸುತ್ತಿಗೆ 'ನಿಲ್ಲಿಸಬಹುದು' ಆಗಿ ಬಂತು.
ತಕ್ಕದ್ದಕ್ಕೂ ಬಹುದಕ್ಕೂ ನಡುವೆ ನದಿ ಹರಿಯುತ್ತದೆ,
ಅದರ ಮೇಲೆ ರಾತ್ರಿಯಿಡೀ ದೀಪದ ಹಡಗು.

ಇವತ್ತು ಜೆಟ್ಟಿಯಲ್ಲಿ ಒಬ್ಬ, ಜೇಬಿನಲ್ಲಿ ಅಡವಿನ ಚೀಟಿ ಇಣುಕುತ್ತ,
'ಇದರಾಗ ನಮಗೇನ್ ಸಿಗತೈತ್ರಿ?' ಅಂದ.
ನಾಲ್ಕು ನಿಮಿಷ, ಅಂದೆ.
ನಕ್ಕು, ಬೆಂಚಿಗೆ ಕೂತು, ಪೆನ್ನು ಇಸಕೊಂಡ.
ಏಳನೇ ಪ್ರಶ್ನೆಯ ಮುಂದೆ ಬಹಳ ಹೊತ್ತು ಇದ್ದ.
ದೋಣಿ ಸಿಳ್ಳು ಹಾಕಿ ಅವನನ್ನು ಬಿಟ್ಟು ಹೊರಟಿತು.
ತಲೆ ಎತ್ತದೆ ಕೇಳಿದ: 'ಹಾಳಿ ಹಿಂದ ಬರೀಬಹುದೇನ್ರಿ?'

ಮುಂದಿನ ದೋಣಿ ಹತ್ತಿದ. ಅದನ್ನೂ ಗುರುತು ಹಾಕಿಕೊಂಡೆ,
ಸುಳ್ಳು ಬರೆಯಲು ನಮಗೆ ಸಂಬಳವಿಲ್ಲ.
ಹಾಳೆಯ ಹಿಂದೆ ಒಂದು ಫೋನ್ ನಂಬರು, ಓರೆ ಅಕ್ಷರದಲ್ಲಿ ಇಷ್ಟು:
ಹತ್ತರೊಳಗ ಮಾಡ್ರಿ.
ಆರಾಮ ಅದಾನ ಅಂತಷ್ಟ ಹೇಳ್ರಿ.
ಎಲ್ಲಿ ಅಂತ ಹೇಳಬ್ಯಾಡ್ರಿ.