ಖಾಲಿ ಗಾಡಿ

ನಮ್ಮ ಕಂಪನಿ ಹುಟ್ಟಿದ್ದು ಹಳೇ ಬಾಗಲಕೋಟಿಯಾಗ,
ಸೈಕಲ್ ಅಂಗಡಿ ಮ್ಯಾಲಿನ ಕೋಲ್ಯಾಗ.
ಹುಚ್ಚೇಶ ಕೆಲೂಡಿ, ಒಂದು ಕಂಪ್ಯೂಟರು,
ಕರೆಂಟು ಹೋದ್ರ ಜೀವ ಹಿಡಿಯಾಕ
ಒಂದು ಲಾರಿ ಬ್ಯಾಟರಿ.

ಕಬ್ಬಿನ ಗಾಡಿ ತುಂಬಿ ಬರತೈತಿ, ತೂಗು.
ಇಳಿಸಿ ಹೋಗತೈತಿ, ತೂಗು.
ಮೊದಲಿನದರಾಗ ಎರಡನೇದು ಕಳಿ,
ಉಳಿದದ್ದು ಕಬ್ಬು.
ಇಷ್ಟೇ ಅವನ ಪ್ರೋಗ್ರಾಮು.
ಎರಡನೇ ತೂಕದ ಕಾಲಮ್ಮಿಗೆ ಇಂಗ್ಲಿಷ್ ಅಕ್ಷರದಾಗ
'ಖಾಲಿ ಗಾಡಿ' ಅಂತ ಹೆಸರಿಟ್ಟ.
ಗಡಿಬಿಡಿಯಾಗ ಇಟ್ಟದ್ದು.
ಆಮ್ಯಾಲ ಚೊಲೋ ಹೆಸರು ಹಾಕಿದರಾತು, ಅಂದಿದ್ದ.

ಆಮ್ಯಾಲ ಬೆಳಗಾವಿಯವರು ಬಂದರು,
ಪಗಾರ ಲೆಕ್ಕದ ಸಾಫ್ಟ್‌ವೇರಿನವರು.
ಕುಂದಾ ಹಂಚಿ ನಮ್ಮನ್ನ ಕೊಂಡರು.
ಮೂರು ವರ್ಷಕ್ಕ ಬೆಳಗಾವಿಯವರನ್ನ
ಪುಣೆಯವರು ಕೊಂಡರು. ಪೇಢೆ.
ಪುಣೆಯವರನ್ನ ಕೊಂಡವರ ಊರು ಯಾವುದೋ
ನನಗ ಇನ್ನೂ ತಿಳಿದಿಲ್ಲ.
ಅವರು ಒಂದು ಮೇಲ್ ಕಳಿಸಿದರು.
ಸಿಹಿ ಇರಲಿಲ್ಲ.

ನನ್ನ ಕೊರಳ ಪಟ್ಟಿ ನೀಲಿ ಇತ್ತು,
ಹಸಿರಾತು, ಕೇಸರಿಯಾತು, ಈಗ ಬೂದಿ ಬಣ್ಣ.
ಕುರ್ಚಿ ಮಾತ್ರ ಅದೇ, ಎಡಗೈ ಮುರಿದದ್ದು.

ಕೊಳ್ಳೋದಕ್ಕ ಕಾಗದದಾಗ ಅವರು ಬರಿಯೋ ಶಬ್ದ: ಸ್ವಾಧೀನ.
ನವನಗರದಾಗ ಆ ಶಬ್ದಕ್ಕ ಯಾರೂ ತಲಿ ಎತ್ತಿ ನೋಡೂದಿಲ್ಲ,
ಹಳೇ ಪರಿಚಯ.
ನಮ್ಮಪ್ಪ ಮುಳುಗಡೆ ಆಫೀಸಿನಾಗ ಅಳತಿ ಕಾರಕೂನ.
ಕಿಲ್ಲಾ ಓಣಿಯ ಗ್ವಾಡಿ ಗ್ವಾಡಿಗೆ
ಕೆಂಪು ಬಣ್ಣದಾಗ ನಂಬರ್ ಬರದಾಂವ.
ಐನೂರಾ ಇಪ್ಪತ್ಮೂರು ಮೀಟರಿನ ಕೆಳಗಿದ್ದದ್ದೆಲ್ಲಾ
ಅವನ ಬಣ್ಣದ ಡಬ್ಬಿಗೆ ಸೇರಿದ್ದು.
ನಮ್ಮ ಮನಿಗೂ ಅವನೇ ಬರದ, ೧೧೪/ಅ.
ಅವ್ವ ಅವತ್ತು ಚಹಾ ಕೊಟ್ಟಳು
ಬ್ಯಾರೇ ಮನಿಯವರು ಕೊಟ್ಟಂಗ, ಬಾಗಿಲಾಗ ನಿಂತು.

ಈಗ ನನ್ನ ಪಾಳಿ.
ನಾಲ್ಕು ಕಂಪನಿಯ ಗಿರಾಕಿ ಪಟ್ಟಿ ಒಂದು ಮಾಡಬೇಕು.
ಮಹಾಲಿಂಗಪುರದ ಬೆಲ್ಲದ ದಲಾಲ ಚನ್ಮಲ್ಲಪ್ಪ ಉಳ್ಳಾಗಡ್ಡಿ
ತೂಕದ ಪಟ್ಟಿಯಾಗ ಒಂದು ಸಲ ಅದಾನ,
ಪಗಾರಿನಾಗ ಇನ್ನೊಂದು ಸಲ, ಒಂದು 'ನ' ಹೆಚ್ಚಾಗಿ.
ಪುಣೆಯ ಪಟ್ಟಿಯಾಗ ಯಾರೋ ಜಾಣರು
ಉಳ್ಳಾಗಡ್ಡಿ ಮರಾಠಿಗೆ ತಿರುವಿ 'ಕಾಂದೆ' ಮಾಡ್ಯಾರ.
ನಾಲ್ಕನೇದರಾಗ ಬರೇ ಒಂದು ಸಂಖ್ಯೆ.
ವರ್ಷಕ್ಕ ನಾಲ್ಕು ಬಿಲ್ಲು ಹೋಗ್ಯಾವ.
ಮೂರು ಕಟ್ಟಿ, ನಾಲ್ಕನೇದಕ್ಕ ಫೋನ್ ಮಾಡಿದ:
'ತಂಗೀ, ನಾ ಒಬ್ಬಾಂವ ಅದೀನಿ.'

ಸಿಸ್ಟಮ್ ಕೇಳತೈತಿ: ಉಳಿಯುವ ದಾಖಲೆ ಯಾವುದು?
ಒಂದಕ್ಕ ಗುರುತು ಹಾಕಿದರ
ಉಳಿದ ಮೂರು ಅದರೊಳಗ ಇಳೀತಾವ,
ಸಪ್ಪಳ ಇಲ್ಲದ.
ಗುರುತಿನ ಬಣ್ಣ ಕೆಂಪು.
ಬದಲಿಸಾಕ ಬರೂದಿಲ್ಲ, ಕೇಳಿ ನೋಡೇನಿ.

ನಿನ್ನಿ ರಾತ್ರಿ ಮೀಟಿಂಗಿನಾಗ
ಯಾವುದೋ ಹಗಲಿನಾಗ ಕುಂತ ದೊಡ್ಡಾಂವ ಒಬ್ಬ
ಪರದೆಗೆ ಬೊಟ್ಟು ಮಾಡಿ ಕೇಳಿದ:
ಈ ಕಾಳಿ ಗಾಡಿ ಅಂದ್ರ ಯಾರು, ನಿಮ್ಮ ಕಡೆಯ ದೇವಿ ಏನು?
ಅಳಿಸಾಕ ಹೋದ್ರ ಹನ್ನೊಂದು ದೇಶದ ರಿಪೋರ್ಟು ನಿಲ್ಲತಾವ.

ಮೈಕು ಮುಚ್ಚಿ ನಕ್ಕೆ.
ತೆರೆದು ಹೇಳಿದೆ:
ಎಲ್ಲಾ ಇಳಿಸಿದ ಮ್ಯಾಲೂ ಉಳಿಯೋ ಭಾರ, ಸರ್.
ಅದನ್ನ ಕಳೀಲಿಲ್ಲಂದ್ರ
ಕಬ್ಬು ಎಷ್ಟಂತ ತಿಳಿಯೂದಿಲ್ಲ.
ಅವನು ಏನೋ ಬರಕೊಂಡ.
ಒಂದೇ ಶಬ್ದದಷ್ಟು ಹೊತ್ತು.

ಕೆಲೂಡಿ ಈಗ ವಿದ್ಯಾಗಿರಿಯಾಗ ಬ್ಯಾಟರಿ ಅಂಗಡಿ ಇಟ್ಟಾನ.
ಹೇಳಿ ಬರೂಣಂತ ಇವತ್ತು ಹೋಗಿದ್ದೆ.
ಗಿರಾಕಿ ಇದ್ದರು.
ಸತ್ತ ಬ್ಯಾಟರಿ ಕಿಲೋ ಲೆಕ್ಕದಾಗ ತೊಗೊಳ್ಳಾಕ
ಕಾಂಟಾದ ಮ್ಯಾಲ ಇಟ್ಟಿದ್ದ.
ಮುಳ್ಳು ಇನ್ನೂ ಅಲುಗತಿತ್ತು.
ಕಣ್ಣು ಕೀಳದ, ಕೈಯಿಂದ
ನಿಲ್ಲು, ಅಂದ.

ನಿಂತೆ.