ಕಾಣದ್ದರ ಬಾಬ್ತು

ಟೊಲೀಡೊ ಊರಿನ ಪೂರ್ವದಂಡೆ, ಮೊಮಿ ಹೊಳೆಯ ಈಚೆ,
ಹನ್ನೊಂದು ವರ್ಷದಿಂದ ಬೀಗ ಬಿದ್ದ ಮನೆ.
ಬೀಗ ಗಟ್ಟಿ. ಬಾಗಿಲು ಅಷ್ಟಕ್ಕಷ್ಟೆ.
ನನ್ನ ಕೆಲಸ, ಟಾರ್ಚು ಹಿಡಿದು ಒಳಹೊಕ್ಕು
ಏನೇನು ಹೋಗಿದೆ ಎಂದು ಬರೆಯುವುದು.

ಬರೆದೆ. ತಾಮ್ರದ ಕೊಳವೆ ಕಳ್ಳರ ಪಾಲು.
ಮಹಡಿಯ ಸ್ನಾನದ ತೊಟ್ಟಿ
ಕೆಳಗಿಳಿಯುವ ಹವಣಿಕೆಯಲ್ಲಿದೆ.
ಅಡುಗೆಮನೆಯ ನೆಲ ಸೀಳಿ ಒಂದು ಮೇಪಲ್ ಸಸಿ,
ಮೊಣಕಾಲೆತ್ತರ; ಅದಕ್ಕೆ ಫಾರಮ್ಮಿನಲ್ಲಿ ಜಾಗವಿಲ್ಲ.
ಕಿಟಕಿ ಹದಿನಾಲ್ಕು. ಗಾಜು ಸೊನ್ನೆ.

ಗಾಜೇ? ನಕ್ಕಳು ವರ್ಲೀನ್ ಟಿಲ್‌ಮನ್.
ಇಪ್ಪತ್ತಾರು ವರ್ಷ ಗಾಜಿನ ಕಾರ್ಖಾನೆಯ ರಾತ್ರಿಪಾಳಿ.
ಯಾರದೋ ಕಾರಿಗೆ, ಯಾವುದೋ ಗೋಪುರಕ್ಕೆ
ಅವಳ ಕೈದಾಟಿ ಹೋದದ್ದನ್ನೆಲ್ಲ ಹಾಸಿದರೆ
ಹೊಳೆಯೇ ಮುಚ್ಚೀತು.
ಬಾಡಿಗೆಮನೆಯ ಕಿಟಕಿಗೆ ಮಾತ್ರ
ಈಗಲೂ ಪ್ಲಾಸ್ಟಿಕ್ಕು, ಅಂಟುಪಟ್ಟಿ.

ಮನೆ ಕಟ್ಟಿ ನೋಡು ಅಂದವರುಂಟು,
ಬಿದ್ದದ್ದನ್ನು ಎಬ್ಬಿಸಿ ನೋಡು ಅಂದವರಿಲ್ಲ.
ಇದ್ದ ಹಾಗೆ ಬೆಲೆ ಕಟ್ಟಿದರೆ ಮಣ್ಣಿನ ಬೆಲೆ;
ಮಣ್ಣಿಗೆ ಯಾವ ಬ್ಯಾಂಕು ಕೊಡುತ್ತದೆ?
ಆದರೆ ಈ ಸಾಲದ ಹಿಂದೆ ಸರಕಾರ ನಿಂತಿದೆ,
ಅವಳು ಕಟ್ಟದಿದ್ದರೆ ತಾನು ತುಂಬಿಕೊಡುತ್ತೇನೆಂದು.
ಹಾಗಾಗಿ ಬೆಲೆ ಕಟ್ಟುವವನು ಬಂದು
ಇರುವ ಮನೆಯನ್ನು ಬಿಟ್ಟು
ಆಗಬೇಕಾದ ಮನೆಯನ್ನು ನೋಡಿದ.
ಇಲ್ಲದ ಮಾಡು, ಇಲ್ಲದ ಬಚ್ಚಲು, ಇಲ್ಲದ ದೀಪ
ಎಲ್ಲ ಸೇರಿ ಒಂದು ಲಕ್ಷ ಹನ್ನೆರಡು ಸಾವಿರ ಡಾಲರು ಎಂದ.
ಅರವತ್ತೊಂದು ವರ್ಷವಾಯಿತು ನನಗೆ,
ನನ್ನನ್ನು ಯಾರೂ ಹಾಗೆ ನೋಡಿಲ್ಲ.

ಅವಳ ಅಜ್ಜ ಲೂಶಿಯಸ್, ಹೊಳೆಯಾಚೆ,
ಇಂಥದೇ ಜಾಮೀನು ಕೇಳಿ ಹೋಗಿದ್ದನಂತೆ.
ನಕಾಶೆಯಲ್ಲಿ ಅವನ ಬೀದಿಗೆ ಕೆಂಪು ಬಳಿದಿತ್ತು.
ಗುಮಾಸ್ತ ಬೆರಳಿಟ್ಟು ತೋರಿಸಿದ, ಅಷ್ಟೆ.
ವರ್ಲೀನ್ ಇದನ್ನು ಹೇಳಿದ್ದು ಸಹಿಯ ದಿನ,
ತೊಂಬತ್ತೇಳನೆಯ ಹಾಳೆಯಲ್ಲಿ, ತಲೆಯೆತ್ತದೆ.
ಪೆನ್ನಿನ ಬಣ್ಣ ಮೊದಲೇ ನೋಡಿಕೊಂಡಿದ್ದಳು.
ಮೂವತ್ತು ವರ್ಷದ ಕಂತು. ಅವಳಿಗೆ ಐವತ್ತೆರಡು.
ಕೂಡುವ ಲೆಕ್ಕ ಮೇಜಿನ ಸುತ್ತ ಎಲ್ಲರಿಗೂ ಬರುತ್ತಿತ್ತು.

ಸಾಲದ ಕಾಗದದಲ್ಲಿ ನನಗಿಷ್ಟವಾದ ಸಾಲು ಒಂದೇ:
ಕಾಣದ್ದರ ಬಾಬ್ತು, ನೂರಕ್ಕೆ ಹದಿನೈದು.
ಗೋಡೆ ಒಡೆದಾಗ ಒಳಗಿಂದ ಬರುವುದಕ್ಕೆ,
ಗೆದ್ದಲಿಗೆ, ಸುಟ್ಟ ತಂತಿಗೆ,
ಹಿಂದಿನವರು ಬಣ್ಣ ಬಳಿದು ಮುಚ್ಚಿದ ಬಿರುಕಿಗೆ.
ತನಗೆ ಕಾಣದ್ದು ಇದೆ ಎಂದು
ಬ್ಯಾಂಕು ಒಪ್ಪಿಕೊಳ್ಳುವುದು ಇಲ್ಲೊಂದೇ ಕಡೆ.

ಫೆಬ್ರುವರಿಯಲ್ಲಿ ಗೋಡೆ ಒಡೆದವನು ಬೆಲಾ ಸಾಕಾಚ್.
ಫೋನು ಮಾಡಿ, ಬಾ, ನೋಡು, ಅಂದ.
ಹೊಗೆಗೂಡು ಯಾವುದರ ಮೇಲೂ ನಿಂತಿರಲಿಲ್ಲ.
ಯಾವ ಕಾಲದಲ್ಲೋ ಯಾರೋ
ಕೆಳಗಿನ ಇಟ್ಟಿಗೆ ಕಿತ್ತು ಬೀರು ಇಟ್ಟುಕೊಂಡಿದ್ದರು.
ಮೇಲಿನ ಒಂದೂವರೆ ಟನ್ನು
ರೂಢಿಯ ಮೇಲೆ ನಿಂತಿತ್ತು.
ನಾವು ಮೂವರೂ ಉಸಿರು ಸಣ್ಣದು ಮಾಡಿ
ಹಿಂದೆ ಹಿಂದೆ ನಡೆದು ಹೊರಬಂದೆವು.

ಕಾಣದ್ದರ ಬಾಬ್ತು ಅಲ್ಲಿಗೇ ತೀರಿತು. ಸಾಲ ಸಾಲದಾಯಿತು.
ನೆಲಕ್ಕೆ ಓಕ್ ಹೋಗಿ ಅಗ್ಗದ ಹಾಳೆ ಬಂತು,
ಬಾಗಿಲಿನ ಹಿತ್ತಾಳೆ ಹೋಯಿತು,
ಗಾಜಿಗೆ ಎಲ್ಲಕ್ಕಿಂತ ಕಡಿಮೆಯ ಕೊಟೇಶನ್ನು.
ಕೆಲಸವಾದಷ್ಟೇ ಹಣ; ಹಣ ಬಂದಷ್ಟೇ ಕೆಲಸ;
ನಡುವೆ ನಾನು, ಸರಿ ಗುರುತು ಹಾಕುತ್ತ.

ಮಲಗುವ ಕೋಣೆಯ ಹಲಗೆ ಇರಲಿ ಬಿಡು, ಅಂದಳು,
ನಾನು ಹಗಲು ಮಲಗುವವಳು.
ಆಗದು ಅಂದೆ. ಬೆಂಕಿ ಬಿದ್ದರೆ ಹಾರಲು ಕಿಟಕಿ ಬೇಕು, ನಿಯಮ.
ಹಾರುವ ವಯಸ್ಸು ನೋಡು, ಅಂದಳು.

ಕೊನೆಯ ತಪಾಸಣೆಗೆ ಹೋದಾಗ
ಪಾಳಿ ಮುಗಿಸಿ ಬಂದ ಬೂಟಿನಲ್ಲೇ ನಿಂತಿದ್ದಳು.
ಮೇಪಲ್ ಸಸಿ ಮೆಟ್ಟಿಲ ಪಕ್ಕ ಬಕೆಟ್ಟಿನಲ್ಲಿ,
ಬದುಕುತ್ತದೋ ಇಲ್ಲವೋ ಹೇಳಲಾಗದ ಹಾಗೆ.
ಕಿಟಕಿಯ ಮೂಲೆಗೆ ಮೂಗು ತಾಗಿಸಿ
ಸಾಸಿವೆಯಷ್ಟು ಅಕ್ಷರ ಓದಿದಳು.
ನಮ್ಮದಲ್ಲ. ಸಮುದ್ರದಾಚೆಯದು.

ಅದರ ಮೇಲೊಂದು ಹೆಬ್ಬೆರಳಿನ ಎಣ್ಣೆಗುರುತಿತ್ತು.
ತೋಳಿನಿಂದ ಒರೆಸಲು ಹೋದವಳು ತಡೆದಳು.
ಇದೂ ರಾತ್ರಿಪಾಳಿಯದೇ, ಅಂದಳು,
ಹಗಲಿನವರು ಕೈಗವಸು ಮರೆಯುವುದಿಲ್ಲ.

ನಾನು ಬರೆದುಕೊಂಡೆ: ಗಾಜು, ಹದಿನಾಲ್ಕು.